ಸುಳ್ಳಿಗೊಂದು ದೇಶ

ಬುಸಾನ್, ದಕ್ಷಿಣ ಕೊರಿಯಾ
೯ ಫೆಬ್ರವರಿ ೨೦೨೫

ಪುಣೆಯ ಖಡಕಿ ಕನ್ನಡ ಬಳಗದ ಅಧ್ಯಕ್ಷನೂ, ಕೋಥರೂಡ ವಾಸಿಯೂ, ಒಂದು ಕಾಲದ ನನ್ನ ಜೀವದ ಗೆಳೆಯನೂ ಆದ ಶಿವಪುತ್ರಪ್ಪನಿಗೆ,

ಮೂರನೇ ಗಂಟೆ ಹೊಡೆಯಿತೆಂದು ತಿಳಿ. ಪರದೆ ಎದ್ದಿದೆ. ಬೆಳಕೆಲ್ಲ ನಿನ್ನ ಮೇಲಿದೆ. ಓಡಿ ಅಡಗಿಕೊಳ್ಳಲು ಈ ಸಲ ಪರದೆಯ ಪಕ್ಕದ ವಿಂಗು ಇಲ್ಲ.

ಇಪ್ಪತ್ತೆರಡು ವರ್ಷಗಳ ಮೇಲೆ ನಿನ್ನ ಕಾಗದ ಬಂತು. ಮಾಂತು ಬದುಕಿದ್ದಾನೋ ಸತ್ತಿದ್ದಾನೋ, ಈ ಚಳಿಗೆ ಅವನ ಮೊಣಕಾಲು ಹಿಡಿದಿವೆಯೋ, ಒಂದೂ ಕೇಳಲಿಲ್ಲ. ಕೇಳಿದ್ದು ಪುಸ್ತಕ! ಬಳಗಕ್ಕೆ ಐವತ್ತು ತುಂಬುತ್ತದಂತೆ, ನವೆಂಬರ್ ಎರಡಕ್ಕೆ ಥಿಯೇಟರು ಹಿಡಿದಾಗಿದೆಯಂತೆ, ‘ಕರಿಕೋಟೆಯ ಕಂಕಣ’ ಆಡುತ್ತೇವೆಂದು ಪುಣೆ ತುಂಬ ಸಾರಿಬಿಟ್ಟಿದ್ದೀಯಂತೆ, ವೀರಸೇನನ ಪಾತ್ರ ನಿನ್ನದೇ ಅಂತೆ. ಪುಸ್ತಕ ಮಾತ್ರ ನನ್ನ ಹತ್ತಿರ ಇದೆಯಂತೆ.

ಇದೆ. ನಮ್ಮಪ್ಪ ನಾಟಕ ಕಂಪನಿಯಲ್ಲಿ ವೀರಸೇನನಾಗಿದ್ದಾಗ ತನ್ನ ಕೈಯಿಂದ ಬರೆದುಕೊಂಡ ಪುಸ್ತಕ. ಭೂಮಿಯ ಮೇಲೆ ಇನ್ನೊಂದು ಪ್ರತಿ ಇಲ್ಲ. ಈಗ ನನ್ನ ತಲೆದಿಂಬಿನ ಕೆಳಗಿದೆ.

೨೦೦೨ರ ನವೆಂಬರಿನ ಆ ಸಂಜೆ ನಿನಗೆ ನೆನಪಿಲ್ಲದಿದ್ದರೆ ನೆನಪಿಸುತ್ತೇನೆ. ಖಡಕಿಯ ಶಾಲೆಯ ಮೈದಾನ, ಏಳು ನೂರು ಜನ. ವೀರಸೇನ ನಾನು. ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಕೊಡುವ ಪ್ರಾಂಪ್ಟರ್ ನೀನು. ಮೂರನೇ ಅಂಕ, ಪ್ರತಿಜ್ಞೆಯ ಜಾಗ. ಕಂಕಣದ ಕೈ ಮೇಲೆತ್ತಿ ನಿಂತೆ. ನಿನ್ನಿಂದ ಮೊದಲ ಶಬ್ದ ಬರಬೇಕು. ಬರಲಿಲ್ಲ! ತಿರುಗಿ ನೋಡಿದೆ. ನಿನ್ನ ಮುಖ ಕಂಡಿತು, ಕೈ ಕಾಣಲಿಲ್ಲ. ನೀನು ನನ್ನನ್ನೇ ನೋಡುತ್ತಿದ್ದೆ. ಸಭೆಯಲ್ಲಿ ಒಬ್ಬ ಸಿಳ್ಳೆ ಹೊಡೆದ.

ಆಗ ಮುಂದಿನ ಸಾಲಿನಲ್ಲಿ ನಮ್ಮವ್ವ ಎದ್ದು ನಿಂತಳು. ಮುಧೋಳದ ಹತ್ತಿರದ ಹಳ್ಳಿಯಿಂದ, ಮಗನನ್ನು ಬಣ್ಣದಲ್ಲಿ ಮೊದಲ ಸಲ ನೋಡಲು ಬಂದವಳು. ಅಪ್ಪನ ಕಾಲದಲ್ಲಿ ಆ ನಾಟಕವನ್ನು ವಿಂಗಿನ ಪಕ್ಕ ಕೂತು ಎಷ್ಟು ಸಲ ಕೇಳಿದ್ದಳೋ. ಸೆರಗು ಸರಿಮಾಡಿಕೊಂಡು ಅಲ್ಲಿಂದಲೇ ಕೂಗಿದಳು: ‘ಈ ಕಂಕಣ ನನ್ನ ಕೈಯಲ್ಲಿರುವ ತನಕ, ಎಲೈ ಕೋಟೆಯೇ, ನಿನ್ನ ಬಾಗಿಲಿಗೆ ನಿದ್ದೆಯಿಲ್ಲ!’

ಏಳು ನೂರು ಜನ ನಕ್ಕರು. ನನ್ನನ್ನು ನೋಡಿ ನಕ್ಕಿದ್ದರೆ ನುಂಗಿಕೊಳ್ಳುತ್ತಿದ್ದೆ. ಅವಳನ್ನು ನೋಡಿ ನಕ್ಕರು, ಪುತ್ರಪ್ಪ. ಅವ್ವ ಕೂತಳು. ಸಾಯುವ ತನಕ ಮತ್ತೆ ನಾಟಕದ ಹೆಸರೆತ್ತಲಿಲ್ಲ. ೨೦೧೧ರಲ್ಲಿ ಬಂದು ಅವಳಿಗೆ ಮಣ್ಣು ಕೊಟ್ಟು, ಪುಣೆಯ ನೆಲ ಮುಟ್ಟದೆ ತಿರುಗಿ ಹೋದೆ.

ಈಗ ಇಲ್ಲಿಯ ಕಾರ್ಖಾನೆಯಲ್ಲಿ ನನ್ನ ಕೆಲಸ ಮುಗಿದಿದೆ. ಲೇತ್ ಮಿಷನ್ನಿಗೆ ಕೈಮುಗಿದು ಬಂದಿದ್ದೇನೆ. ಊರಿಗೆ ಹೊರಟಿದ್ದೇನೆ. ಕರಾರು ಕೇಳು. ನನ್ನದು ಒಂದೇ ಪ್ರಶ್ನೆ: ಯಾಕೆ? ನಿಜ ಬರೆದೆಯೋ, ಮರುದಿನವೇ ವಿಮಾನ ಹತ್ತಿ ಪುಸ್ತಕ ತಂದು ನಿನ್ನ ಕೈಯಲ್ಲಿಡುತ್ತೇನೆ. ಸುಳ್ಳು ಬರೆದೆಯೋ, ಒಂದೊಂದು ಸುಳ್ಳಿಗೆ ಒಂದೊಂದು ದೇಶ ಸುತ್ತುತ್ತೇನೆ. ಹಡಗು, ರೈಲು, ಬಸ್ಸು. ಫೋನು ಮಾಡಿದರೆ ಪುಸ್ತಕ ಸಮುದ್ರಕ್ಕೆ. ನಾಟಕದಲ್ಲಿ ವೈರಿ ಓಡಿ ಬರುವುದಿಲ್ಲ. ಹೆಜ್ಜೆ ಹೆಜ್ಜೆ ಕೇಳಿಸುತ್ತ ಬರುತ್ತಾನೆ.

ಕೇಳಿಸುತ್ತಿದೆಯೇ?

ಮಾಂತು


ಕೋಥರೂಡ, ಪುಣೆ
೨ ಮಾರ್ಚ್ ೨೦೨೫

ಪ್ರಿಯ ಮಾಂತು,

ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಮೊದಲೇ ಕೇಳಬೇಕಿತ್ತು, ಈಗ ಕೇಳುತ್ತೇನೆ: ಮೊಣಕಾಲು ಹೇಗಿವೆ?

ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದೀಯಾ? ಬಲ್ಬು ಹೋಗಿತ್ತು, ಮಾರಾಯ. ವಿಂಗಿನಲ್ಲಿ ನನ್ನ ತಲೆಯ ಮೇಲಿದ್ದ ಒಂದೇ ಬಲ್ಬು ಸರಿಯಾಗಿ ಆ ಗಳಿಗೆಗೇ ಹೋಯಿತು. ಕತ್ತಲಲ್ಲಿ ಅಕ್ಷರ ಹೇಗೆ ಕಾಣಬೇಕು? ಇಷ್ಟೇ ಕಥೆ. ವಿಮಾನ ಹತ್ತು.

ಇಲ್ಲಿ ತಾಲೀಮು ಶುರುವಾಗಿದೆ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಸ್ಕೂಟರುಗಳ ನಡುವೆ. ನೆನಪಿದ್ದಷ್ಟು ಮಾತು ಆಡುತ್ತೇವೆ, ಉಳಿದ ಕಡೆ ಬರೀ ಕೈ ಆಡಿಸುತ್ತೇವೆ. ಮೊನ್ನೆ ನಾನು ಕತ್ತಿ ಹಿರಿದು ಗರ್ಜಿಸಿದ್ದಕ್ಕೆ ಸೊಸೈಟಿಯ ಸೆಕ್ರೆಟರಿ ಇಳಿದು ಬಂದು, ‘ಅಹೋ ಕಾಕಾ, ಕೋಣಾಲಾ ಮಾರತಾಯ?’ ಎಂದ. ಯಾರನ್ನು ಕೊಲ್ಲುತ್ತಿದ್ದೀರಿ ಅಂತ! ಆ ವೈರಿಯ ಹೆಸರೂ ಪುಸ್ತಕದಲ್ಲೇ ಉಳಿದಿದೆ. ಪುಸ್ತಕ ಬೇಕು, ಮಾಂತು.

ನಿನ್ನ
ಶಿವಪುತ್ರಪ್ಪ


ಚಿಂಗ್‌ದಾವ್, ಚೀನಾ
೬ ಏಪ್ರಿಲ್ ೨೦೨೫

ಬಲ್ಬಿನ ಶಿವಪುತ್ರಪ್ಪನಿಗೆ,

ಉರಿಯುತ್ತಿತ್ತು! ಆ ಬಲ್ಬು ಉರಿಯುತ್ತಿತ್ತು! ಅದರ ಬೆಳಕು ನಿನ್ನ ಮೂಗಿನ ತುದಿಯ ಮೇಲಿತ್ತು, ಆ ತುದಿಯಲ್ಲಿ ಒಂದು ಬೆವರಿನ ಹನಿ ನೇತಾಡುತ್ತಿತ್ತು. ಅದು ಬೀಳುವುದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಇನ್ನೂ ಬಿದ್ದಿಲ್ಲ.

ಒಂದು ಸುಳ್ಳು, ಒಂದು ದೇಶ. ಇಂಚಾನ್ ಬಂದರಿನಲ್ಲಿ ಹಡಗು ಹತ್ತಿ ಚೀನಕ್ಕೆ ಇಳಿದಿದ್ದೇನೆ. ಇಲ್ಲಿ ಬಿಯರನ್ನು ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಡುತ್ತಾರೆ, ನಮ್ಮಲ್ಲಿ ಮೊಸರು ಕಟ್ಟಿಕೊಟ್ಟ ಹಾಗೆ. ಜನ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಾರೆ. ಎಲ್ಲರಿಗೂ ಮನೆಗೆ ಹೋಗುವ ಅವಸರ. ನನಗಿಲ್ಲ. ಕೋಣೆ ಕೊಟ್ಟ ಮುದುಕಿ ಪುಸ್ತಕ ನೋಡಿ, ‘ದೇವರದೋ?’ ಎಂದು ಕೈಸನ್ನೆಯಲ್ಲಿ ಕೇಳಿದಳು. ‘ಅಲ್ಲ, ವೈರಿಯದು’ ಎಂದು ನಾನು ಕತ್ತು ಕೊಯ್ಯುವ ಸನ್ನೆ ಮಾಡಿ ತೋರಿಸಿದೆ. ಬಾಡಿಗೆ ಮುಂಗಡ ಇಸಿದುಕೊಂಡಳು.

ಈ ತಿಂಗಳೆಲ್ಲ ಮುಕ್ಕಾಂ ಇಲ್ಲೇ. ವಿಳಾಸ ಲಕೋಟೆಯ ಹಿಂದಿದೆ. ಇನ್ನೊಮ್ಮೆ ಕೇಳುತ್ತೇನೆ: ಯಾಕೆ?

ಮಾಂತು


ಕೋಥರೂಡ, ಪುಣೆ
೨೭ ಏಪ್ರಿಲ್ ೨೦೨೫

ಮಾಂತು,

ಹೌದು, ಬಲ್ಬು ಇತ್ತು. ವಯಸ್ಸಾಯಿತು, ನೆನಪು ಹಿಂದೆಮುಂದೆ ಆಗುತ್ತದೆ. ಈಗ ಸ್ಪಷ್ಟವಾಗಿ ನೆನಪಾಯಿತು. ಪುಟ ಅಂಟಿಕೊಂಡಿತ್ತು. ಪೇಟಿ ನುಡಿಸುತ್ತಿದ್ದ ಭೀಮಣ್ಣ ಮಧ್ಯಂತರದಲ್ಲಿ ಪುಸ್ತಕದ ಮೇಲೆ ಚಹಾ ಚೆಲ್ಲಿದ್ದ. ಎರಡು ಪುಟ ಒಂದಾಗಿ ತಿರುಗಿದವು. ನಾನು ಮುಂದಿನ ದೃಶ್ಯಕ್ಕೆ ಹೋಗಿಬಿಟ್ಟಿದ್ದೆ, ಹುಡುಕುವಷ್ಟರಲ್ಲಿ ಹೊತ್ತು ಮೀರಿತು. ಭೀಮಣ್ಣ ಪಾಪ ತೀರಿಕೊಂಡು ಆರು ವರ್ಷವಾಯಿತು, ಇಲ್ಲದಿದ್ದರೆ ಅವನೇ ಹೇಳುತ್ತಿದ್ದ.

ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿದೆ. ಪ್ರಾಂಪ್ಟರನ ಹೆಸರಿನ ಜಾಗ ಖಾಲಿ ಬಿಡಿಸಿದ್ದೇನೆ.

ಶಿವಪುತ್ರಪ್ಪ


ಹನೋಯ್, ವಿಯೆಟ್ನಾಂ
೧ ಜೂನ್ ೨೦೨೫

ಎಲವೋ ಪುತ್ರಪ್ಪ,

ಸತ್ತವನ ಮೇಲೆ ಚಹಾ ಚೆಲ್ಲುತ್ತೀಯಾ! ಭೀಮಣ್ಣ ತನ್ನ ಪೇಟಿಯ ಮೇಲೆ ನೊಣ ಕೂರಲು ಬಿಟ್ಟವನಲ್ಲ. ಅಂಥವನ ಹೆಸರಿಗೆ ಕಲೆ ಹಚ್ಚಲು ನಿನ್ನ ಪೆನ್ನು ಹೇಗೆ ಎದ್ದಿತೋ!

ಪುಸ್ತಕ ನನ್ನ ಹತ್ತಿರ ಇದೆ ಎಂಬುದನ್ನು ಮರೆತೆಯಾ? ನಿನ್ನ ಕಾಗದ ಓದಿದ ಕೂಡಲೇ ಪ್ರತಿಜ್ಞೆಯಿರುವ ಅರವತ್ತೊಂದನೇ ಪುಟ ತೆಗೆದೆ. ಕಿಟಕಿಯ ಬಿಸಿಲಿಗೆ ಹಿಡಿದೆ, ಮೂಸಿದೆ. ಚಹಾದ ಒಂದು ಹನಿಯಿಲ್ಲ. ಅಂಚಿನಲ್ಲಿ ಅಪ್ಪನ ಹೆಬ್ಬೆರಳಿನ ಕೆಂಪು ಬಣ್ಣದ ಗುರುತು, ಅದಷ್ಟೇ.

ಎರಡನೇ ಸುಳ್ಳು, ಎರಡನೇ ದೇಶ. ಚೀನದ ಉದ್ದಕ್ಕೂ ರೈಲಿನಲ್ಲಿ ಇಳಿದು ಬಂದೆ. ಇಲ್ಲಿ ಊರಿಗೆ ಊರೇ ಸ್ಕೂಟರಿನ ಮೇಲಿದೆ. ನಮ್ಮ ಲಕ್ಷ್ಮೀ ರಸ್ತೆಯನ್ನು ದೀಪಾವಳಿಯ ಹಿಂದಿನ ದಿನ ದಾಟಿದವನಿಗೆ ಇಲ್ಲಿ ಭಯವಿಲ್ಲ. ಒಂದು ಗಲ್ಲಿಯಲ್ಲಿ ರೈಲು ಮನೆಗಳ ಹೊಸ್ತಿಲಿಗೆ ತಾಗಿಕೊಂಡು ಹೋಗುತ್ತದೆ. ಗಂಟೆಯಾಯಿತೆಂದರೆ ಸ್ಟೂಲು, ಒಣಗಲು ಹಾಕಿದ ಬಟ್ಟೆ, ಕೂಸು, ಎಲ್ಲವನ್ನೂ ಒಳಗೆಳೆದುಕೊಂಡು ಬಾಗಿಲು ಹಾಕುತ್ತಾರೆ. ನೀನೂ ಹಾಕಿಕೋ. ಬರುತ್ತಿದ್ದೇನೆ.

ಕಂಕಣ ನನ್ನ ಕೈಯಲ್ಲಿದೆ, ಕೋಟೆಯೇ.

ಮಾಂತು


ಕೋಥರೂಡ, ಪುಣೆ
೨೨ ಜೂನ್ ೨೦೨೫

ಮಾಂತು,

ಮಳೆ ಹಿಡಿದಿದೆ. ಪಾರ್ಕಿಂಗಿನಲ್ಲಿ ನೀರು. ತಾಲೀಮು ಈಗ ನಮ್ಮ ಮನೆಯ ಪಡಸಾಲೆಯಲ್ಲಿ. ಮನೆಯಾಕೆ ಪಾರವ್ವ ಹದಿನಾಲ್ಕು ಮಂದಿಗೆ ಚಹಾ ಕಾಯಿಸಿ ಸಾಕಾಗಿದ್ದಾಳೆ.

ಕೇಳುತ್ತೀ ಎಂದು ಹೇಳುತ್ತೇನೆ. ಗಂಟಲು ಕಟ್ಟಿತ್ತು. ಬಾಯಿ ತೆರೆದೆ, ದನಿ ಹೊರಡಲಿಲ್ಲ.

ಶಿವಪುತ್ರಪ್ಪ


ವಿಯೆಂಟಿಯಾನ್, ಲಾವೋಸ್
೨೦ ಜುಲೈ ೨೦೨೫

ಗಂಟಲಿನ ಶಿವಪುತ್ರಪ್ಪ,

ಅವ್ವ ಕೂತ ಮರುಗಳಿಗೆ ‘ಪರದಿ! ಪರದಿ ಬಿಡ್ರಿ!’ ಎಂದು ಕೂಗಿದವರು ಯಾರು? ಆ ಕೂಗು ಖಡಕಿ ಸ್ಟೇಷನ್ನಿನಲ್ಲಿ ನಿಂತವರಿಗೂ ಕೇಳಿಸಿರಬೇಕು. ಅದು ಕಟ್ಟಿದ ಗಂಟಲೇ?

ಮೂರನೇ ದೇಶ. ಬೆಟ್ಟಗಳ ನಡುವೆ ಇಪ್ಪತ್ತೆರಡು ತಾಸು ಬಸ್ಸು. ಪಕ್ಕದ ಸೀಟಿನಲ್ಲಿ ಒಂದು ಹುಂಜ. ಅದು ಕೂಡ ನಿನಗಿಂತ ನೇರವಾಗಿ ನನ್ನ ಕಣ್ಣು ನೋಡಿತು. ಇಲ್ಲಿ ಮೆಕಾಂಗ್ ನದಿಯ ದಂಡೆಯಲ್ಲಿ ಬಿದಿರಿನ ಬುಟ್ಟಿಯಲ್ಲಿ ಅಂಟು ಅನ್ನ ಕೊಡುತ್ತಾರೆ. ಮುದ್ದೆ ಕಟ್ಟಿ ತಿನ್ನುವಾಗ ನಮ್ಮವ್ವ ಜೋಳದ ನುಚ್ಚನ್ನು ಉಂಡೆ ಮಾಡಿ ಕೈಗಿಡುತ್ತಿದ್ದುದು ನೆನಪಾಯಿತು. ಬುಟ್ಟಿ ಮುಚ್ಚಿ ಎದ್ದೆ. ಅದೂ ನಿನ್ನ ಲೆಕ್ಕಕ್ಕೇ.

ನವೆಂಬರಿಗೆ ಮೂರೂವರೆ ತಿಂಗಳು. ಪ್ರಪಂಚದಲ್ಲಿ ದೇಶಗಳಿಗೆ ಬರಗಾಲವಿಲ್ಲ.

ಮಾಂತು


ಕೋಥರೂಡ
೧೦ ಆಗಸ್ಟ್ ೨೦೨೫

ಮಾಂತು ಅಣ್ಣಾರಿಗೆ, ಪಾರವ್ವ ಮಾಡುವ ಶರಣು.

ಬರಿಯೋ ಭಾಷಾ ನನಗ ಬರೂದಿಲ್ರಿ. ಮಾತಾಡಿಧಂಗ ಬರೀತೀನಿ, ನಡಸ್ಕೊಳ್ರಿ. ಇವರಿಗೆ ಹೇಳಿಲ್ಲ. ನಿಮ್ಮ ಲಕೋಟೆ ಹಿಂದಿನ ವಿಳಾಸಾ ನೋಡ್ಕೊಂಡು ನಾನ ಪೋಸ್ಟಿಗೆ ಹಾಕ್ಲಿಕತ್ತೀನಿ.

ನಿಮ್ಮ ಕಾಗದ ಬಂದ ದಿನ ಇವರು ಉಣ್ಣೂದಿಲ್ಲ. ಬಾಲ್ಕನ್ಯಾಗ ನಿಂತು ಪೋಸ್ಟಮನ್ನನ ಸೈಕಲ್ ನೋಡಿದ್ರ ಸಾಕು, ಬೆವರತಾರ. ನೀವು ಹೆದರಸ್ಬೇಕಂತ ಮಾಡಿದ್ರ ಆತು, ಹೆದರ್ಯಾರ. ಇನ್ನೇನು ಬೇಕು? ‘ಯಾಕ ಮಾಡಿದ್ರಿ, ಬರದು ಒಗೀರಿ’ ಅಂದ್ರ, ‘ಬರೀಲಿಕ್ಕೆ ನಾಚಿಕಿ ಅನಸ್ತದ, ಭಾಳ ಸಣ್ಣದು’ ಅಂತಾರ. ಏನು ಸಣ್ಣದೋ, ನನಗೂ ಹೇಳಿಲ್ಲ.

ಸಿಟ್ಟು ನಿಮ್ಮದು, ನಾ ಬ್ಯಾಡನ್ನೂದಿಲ್ಲ. ಆದ್ರ ಎಲ್ಲಾ ಕಾಗದದಾಗ ಅವ್ವ ಅವ್ವ ಅಂತ ಬರೀತೀರಲ್ಲ, ಒಂದು ಕೇಳ್ತೀನ್ರಿ. ಅವತ್ತ ನೀವು ಇವರ ಕೈಯಾಗಿನ ಪುಸ್ತಕ ಕಸ್ಕೊಂಡು, ಮುಖದ ಬಣ್ಣಾ ಸೈತ ತೊಳೀದ ಹಿಂದಿನ ಬಾಗಲದಿಂದ ಹೋಗಿಬಿಟ್ರಿ. ಮಂದಿ ಎಲ್ಲಾ ಎದ್ದು ಹೋದ ಮ್ಯಾಲೆ ಅವ್ವಾರು ಒಬ್ಬರ ಆ ಕುರ್ಚ್ಯಾಗ ಕೂತಿದ್ರು, ಪುಣೆದಾಗ ಯಾರ ಮನಿನೂ ಗೊತ್ತಿಲ್ಲ. ಮನೀಗೆ ಕರ್ಕೊಂಡು ಬಂದಾಕಿ ನಾನು. ರೊಟ್ಟಿ ಒಲ್ಲೆ ಅಂದ್ರು, ಮೊಸರನ್ನ ಉಂಡ್ರು. ‘ನಗೂ ಮಂದಿ ನಗಲಿ ಪಾರವ್ವಾ, ಮಾತು ಅರ್ಧಾಕ ನಿಂತಿತ್ತಲ್ಲ, ಅದನ್ನ ನೋಡಿ ಕೂಡ್ಲಿಕ್ಕಾಗಲಿಲ್ಲ’ ಅಂದ್ರು. ಆಮ್ಯಾಲೆ ಆ ಪ್ರತಿಜ್ಞಾದ ಮಾತು ಪೂರಾ, ಹದಿನಾರು ಸಾಲು, ನನಗ ಕಲಿಸಿದ್ರು. ‘ಈ ಮಾತು ನನ್ನ ಜೋಡಿ ಮಣ್ಣಿಗೆ ಹೋಗೂದು ಬ್ಯಾಡ’ ಅಂದ್ರು. ಮುಂಜಾನೆ ಎದ್ದು ಬಸ್ಸಿಗೆ ಕೂಡ್ರಿಸಿ ಬಂದೆ. ಕಿಟಕ್ಯಾಗಿಂದ ಹಿಂದ ಹಿಂದ ನೋಡ್ತಿದ್ರು. ನೀವು ಬರ್ತೀರೇನೋ ಅಂತ.

ಬರ್ರಿ ಅಣ್ಣಾರ. ಸುತ್ತಿದ್ದು ಸಾಕು.

ನಿಮ್ಮ ತಂಗಿ
ಪಾರವ್ವ


ಪೆನಾಂಗ್, ಮಲೇಷ್ಯಾ
೩೧ ಆಗಸ್ಟ್ ೨೦೨೫

ತಂಗಿ ಪಾರವ್ವಾ,

ನಿನ್ನ ಕಾಗದ ತಲುಪಿತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಥಾಯ್ಲೆಂಡನ್ನು ಉದ್ದಕ್ಕೂ ರೈಲಿನಲ್ಲಿ ದಾಟಿದೆ. ಆ ದೇಶ ಹೇಗಿದೆ ಎಂದು ಕೇಳಬೇಡ, ನಾನು ನೋಡಲಿಲ್ಲ.

ಅದರಲ್ಲಿ ಅವ್ವನ ಕುರ್ಚಿಯ ಸಾಲನ್ನು, ಬಸ್ಸಿನ ಸಾಲನ್ನು ನಾನು ಓದಲಿಲ್ಲವೆಂದು ತಿಳಿ.

ಇಲ್ಲಿ ನಮ್ಮ ಕಡೆಯ ಹಾಗೆ ಬೀದಿಯಲ್ಲಿ ಮಲ್ಲಿಗೆ ಮಾರುತ್ತಾರೆ, ವೀಳ್ಯದೆಲೆ ಮಾರುತ್ತಾರೆ. ಎಲೆ ಹಾಕಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಹಾಕಿಕೊಂಡೆ. ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟಿತು.

ನಿನ್ನ ಗಂಡನಿಗೆ ಹೇಳು: ಕಾರಣ ಎಷ್ಟೇ ಸಣ್ಣದಿರಲಿ, ಬರೆಯಲಿ. ಸಮುದ್ರ ದಾಟಲು ಇಲ್ಲಿಂದ ಹಡಗಿಲ್ಲ, ಕೊಲಂಬೊ ತನಕ ವಿಮಾನ ಹತ್ತಲೇಬೇಕು. ಅದನ್ನು ನನ್ನ ಸೋಲೆಂದು ಅವನು ಕುಣಿಯದಿರಲಿ. ಅಲ್ಲಿಂದ ರೈಲಿನಲ್ಲಿ ಜಾಫ್ನಾಕ್ಕೆ ಹೋಗಿ ಕೂರುತ್ತೇನೆ. ವಿಳಾಸ ಹಿಂದಿದೆ. ಅಲ್ಲಿಂದ ಭಾರತ ನಾಲ್ಕು ತಾಸಿನ ಹಡಗು. ಆ ನಾಲ್ಕು ತಾಸನ್ನು ನಾಲ್ಕು ವರ್ಷ ಮಾಡುವುದು ನನಗೆ ಗೊತ್ತಿದೆ.

ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿದ್ದೆಯಾ? ಅವಳಿಗೆ ಮಾವಿನದು ಆಗುತ್ತಿರಲಿಲ್ಲ.

ಮಾಂತು


ಕೋಥರೂಡ, ಪುಣೆ
೧೮ ಸೆಪ್ಟೆಂಬರ್ ೨೦೨೫

ಮಾಂತು,

ಗಣಪತಿ ಕಳಿಸಿ ಬಂದು ಹನ್ನೆರಡು ದಿನವಾಯಿತು. ಅಂದಿನಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ಇದು ಏಳನೆಯದು. ಇದನ್ನು ಹರಿಯುವುದಿಲ್ಲ.

ಗಂಟೆ ಹೊಡೆಯುವ ಮುಂಚೆ ವೀರಸೇನನಾದವನು ಏನು ಮಾಡಬೇಕು? ನಿಮ್ಮಪ್ಪನ ಕಂಪನಿಯ ಪದ್ಧತಿ, ನೀನೇ ಬಳಗಕ್ಕೆ ತಂದದ್ದು. ವೀಳ್ಯವನ್ನು ಪುಸ್ತಕದ ಮೇಲಿಟ್ಟು, ಕಣ್ಣಿಗೊತ್ತಿಕೊಂಡು, ‘ಮಾತು ನಿನ್ನ ಕೈಯಲ್ಲಿದೆ’ ಎಂದು ಪ್ರಾಂಪ್ಟರನ ಕೈಗೆ ಕೊಡಬೇಕು. ನೀನು ಹನ್ನೊಂದು ವರ್ಷ ನನಗೆ ಕೊಟ್ಟೆ. ಹ್ಯಾಂಡ್‌ಬಿಲ್ಲಿನಲ್ಲಿ ನನ್ನ ಹೆಸರು ಒಂದು ಸಲವೂ ಬರಲಿಲ್ಲ. ಜನ ನನ್ನ ಮುಖ ನೋಡಲಿಲ್ಲ, ದನಿ ಕೇಳಲಿಲ್ಲ. ನನಗೆ ಅದರ ಚಿಂತೆ ಇರಲಿಲ್ಲ. ಆ ಒಂದು ವೀಳ್ಯ ಇತ್ತಲ್ಲ.

ಆ ದಿನ ಬಣ್ಣದ ಕೋಣೆಯಲ್ಲಿ ಮುಂಬಯಿಯ ಅತಿಥಿಗಳು ತುಂಬಿದ್ದರು. ಅವ್ವ ಬಂದಿದ್ದರು. ನೀನು ಕಿರೀಟ ಇಟ್ಟುಕೊಂಡು ನೆಲದಿಂದ ಒಂದು ಗೇಣು ಮೇಲಿದ್ದೆ. ನಾನು ಪುಸ್ತಕವನ್ನು ಎರಡು ಕೈಯಲ್ಲಿ ಮುಂದೆ ಹಿಡಿದು ನಿಂತೆ. ನೀನು ನೋಡದೆಯೇ ಕೈಗಡಿಯಾರ ಬಿಚ್ಚಿ ಅದರ ಮೇಲಿಟ್ಟೆ. ‘ಲೇ, ಇದನ್ನ ಹಿಡ್ಕೋ’ ಎಂದೆ. ವೀಳ್ಯವನ್ನು ಒಬ್ಬ ಅತಿಥಿಗೆ ಕೊಟ್ಟು, ‘ಹಾಕ್ಕೊಳ್ರಿ ಸಾಹೇಬ್ರ’ ಎಂದೆ. ನಾನು ಗೋಡೆಯ ಗೂಟವಾದೆ.

ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಅಂಕ ಮಾತು ಕೊಟ್ಟೆ. ಮೂರನೆಯದರಲ್ಲಿ ನೀನು ಕೈ ಎತ್ತಿದಾಗ ಪುಸ್ತಕ ಮುಚ್ಚಿದೆ. ಮೂರು ಎಣಿಸಿ ಆಮೇಲೆ ಕೊಡೋಣ, ಮೂರೇ ಮೂರು ಸೆಕೆಂಡು ಇವನು ನನ್ನ ಮುಖ ನೋಡಲಿ ಎಂದುಕೊಂಡಿದ್ದೆ. ಅದು ಮುಗಿಯುವುದರೊಳಗೆ ಅವ್ವ ಎದ್ದರು.

ಒಂದು ವೀಳ್ಯಕ್ಕಾಗಿ ಮಾಡಿದೆ ಎಂದು ಅರವತ್ತು ದಾಟಿದ ಗಂಡಸು ಹೇಗೆ ಬರೆಯಲಿ? ಅದಕ್ಕೆ ಬಲ್ಬು, ಅದಕ್ಕೆ ಚಹಾ. ಗಡಿಯಾರ ಈಗಲೂ ನನ್ನ ಕಪಾಟಿನಲ್ಲಿದೆ.

ಬಾ. ವಿಂಗಿನಲ್ಲಿ ನೀನೇ ಕೂರು. ವೀಳ್ಯ ನಾನು ಕೊಡುತ್ತೇನೆ. ಆ ಪ್ರತಿಜ್ಞೆ ನನಗೆ ಬಾಯಿಪಾಠ ಇದೆ, ಆದರೆ ನಿನ್ನ ಬಾಯಿಂದ ಮೊದಲ ಶಬ್ದ ಬಾರದೆ ನಾನು ಎತ್ತುವುದಿಲ್ಲ. ಕೊಡುವುದು ಬಿಡುವುದು ನಿನ್ನ ಕೈಯಲ್ಲಿ.

ಶಿವಪುತ್ರಪ್ಪ


ನಾಗಪಟ್ಟಿನಂ
೧೪ ಅಕ್ಟೋಬರ್ ೨೦೨೫

ಶಿವಪುತ್ರಪ್ಪ,

ಒಂದು ಎಲೆಗಾಗಿ! ಎರಡು ಅಡಿಕೆ ಹೋಳಿಗಾಗಿ! ನಾನು ಇಷ್ಟು ವರ್ಷ ನಿನ್ನನ್ನು ದೊಡ್ಡ ವೈರಿಯೆಂದು ಪೂಜಿಸುತ್ತ ಬಂದೆ. ಪಾತ್ರದ ಆಸೆಗೆ ಮಾಡಿದ್ದಾನೆ, ಯಾರೋ ಕಿವಿ ಕಚ್ಚಿದ್ದಾರೆ, ಏನೋ ಘನವಾದದ್ದು ಇದೆ ಎಂದುಕೊಂಡು ಸಮುದ್ರ ಸಮುದ್ರ ದಾಟಿದೆ. ಕೊನೆಗೆ ಗುಹೆಯಿಂದ ಹೊರಬಿದ್ದದ್ದು ವೀಳ್ಯದೆಲೆ!

ಆ ವೀಳ್ಯ ನನಗೆ ನೆನಪಿಲ್ಲ. ಗಡಿಯಾರವೂ ನೆನಪಿಲ್ಲ. ಜಾಫ್ನಾದಲ್ಲಿ ಒಂದು ತಾಳೆಮರದ ಕೆಳಗೆ ದಿನಗಟ್ಟಲೆ ಕೂತು ನೆನೆದೆ, ನೆನಪಾಗಲಿಲ್ಲ. ಇಟ್ಟಿರಬಹುದು, ನಾನು ಅಂಥವನೇ. ಆದರೆ ಮೂರು ಎಣಿಸಲು ನಿನಗೆ ಯಾರು ಅಪ್ಪಣೆ ಕೊಟ್ಟರು? ನನಗೆ ಕೆನ್ನೆಗೆ ಹೊಡೆಯಬಹುದಿತ್ತು. ಕಿರೀಟ ಕಿತ್ತು ನೆಲಕ್ಕೆ ಬಡಿಯಬಹುದಿತ್ತು. ನಮ್ಮವ್ವನನ್ನು ಏಳು ನೂರು ಹಲ್ಲಿನ ಸಾಲಿನ ಮುಂದೆ ನಿಲ್ಲಿಸಿದೆ!

ಇಂದು ಹಡಗಿನಿಂದ ಇಳಿದೆ. ಕಸ್ಟಮ್ಸಿನವ ಪುಸ್ತಕ ತಿರುವಿ, ‘ಎನ್ನ ಸಾರ್ ಇದು?’ ಎಂದ. ‘ನಾಟಕ’ ಎಂದೆ. ‘ಮುಡಿವು ಎಪ್ಪಡಿ?’ ಎಂದು ನಕ್ಕ. ಮುಗಿತಾಯ ಹೇಗಿದೆಯೆಂದು! ಪುಣೆಗೆ ಹೋಗಿ ನೋಡಬೇಕಪ್ಪ ಎಂದೆ.

ನಿಜ ಹೇಳಿದೆ, ಪುಸ್ತಕ ತರುತ್ತೇನೆ. ಕರಾರು ಕರಾರೇ. ವಿಂಗಿನಲ್ಲಿ ನಾನೇ ಕೂರುತ್ತೇನೆ.

ಎಣಿಸಲು ನನಗೂ ಬರುತ್ತದೆ.

ಮಾಂತು


ಲೋಣಾವಳಾ
೩ ನವೆಂಬರ್ ೨೦೨೫

ತಂಗಿ ಪಾರವ್ವಾ,

ಲೋಕಲ್ ರೈಲು ಹತ್ತಿ ಇಲ್ಲಿಗೆ ಬಂದು ಬಿದ್ದಿದ್ದೇನೆ. ಕೆಳಗೆ ಚಿಕ್ಕಿಯ ಅಂಗಡಿ. ದಿನವೆಲ್ಲ ಬೆಲ್ಲ ಕುದಿಯುವ ವಾಸನೆ, ಪ್ರವಾಸ ಬಂದವರ ನಗು. ಪ್ರತಿ ನಗುವಿಗೂ ಎದ್ದು ಕಿಟಕಿ ಮುಚ್ಚುತ್ತೇನೆ.

ನಡೆದದ್ದನ್ನು ವಿಂಗಿನ ಕಡೆಯಿಂದ ಹೇಳುತ್ತೇನೆ. ನೀನು ಅದನ್ನು ಆ ಕಡೆಯಿಂದ ಕಂಡಿದ್ದೀ.

ಗಂಟೆಗೆ ಮುಂಚೆ ನಿನ್ನ ಗಂಡ ಬಂದ. ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡು, ವೀಳ್ಯವನ್ನು ಪುಸ್ತಕದ ಮೇಲಿಟ್ಟು ಕಣ್ಣಿಗೊತ್ತಿಕೊಂಡ. ‘ಮಾತು ನಿನ್ನ ಕೈಯಾಗದ, ಮಾಂತು’ ಎಂದ. ನಾನು ತೆಗೆದುಕೊಂಡೆ, ಪಾರವ್ವಾ. ಬಾಯಿಗೆ ಹಾಕಿಕೊಂಡೆ. ಸುಣ್ಣ ಹದವಾಗಿತ್ತು.

ಎರಡು ಅಂಕ ಒಂದಕ್ಷರ ತಪ್ಪದೆ ಮಾತು ಕೊಟ್ಟೆ. ಮೂರನೇ ಅಂಕ. ಅವನು ಕಂಕಣದ ಕೈ ಎತ್ತಿದ. ನಾನು ಪುಸ್ತಕ ಮುಚ್ಚಿದೆ. ಒಂದು. ಎರಡು. ಮೂರು. ಅವನು ಮೂರಕ್ಕೆ ಕೊಡಬೇಕೆಂದಿದ್ದನಂತೆ. ನಾನು ನಿಲ್ಲಲಿಲ್ಲ. ನಾಲ್ಕು. ಐದು. ಅವನು ತಿರುಗಿ ನನ್ನನ್ನು ನೋಡಿದ. ಆ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಬೆರಗೂ ಇರಲಿಲ್ಲ. ಆರು. ಏಳು. ಹಿಂದಿನಿಂದ ಸಿಳ್ಳೆ ಬಂತು. ಅಹಾ! ಆರು ದೇಶ ದಾಟಿ ಬಂದದ್ದು ಈ ಸಿಳ್ಳೆಗೆ! ಎಂಟು. ಒಂಬತ್ತು.

ಆಗ ಮುಂದಿನ ಸಾಲಿನಲ್ಲಿ ನೀನು ಎದ್ದು ನಿಂತೆ. ಇಳಕಲ್ಲಿನ ಸೀರೆಯ ಸೆರಗು ಸರಿಮಾಡಿಕೊಂಡೆ. ‘ಈ ಕಂಕಣ ನನ್ನ ಕೈಯಲ್ಲಿರುವ ತನಕ…’

ಸಭೆ ನಕ್ಕಿತು.

ಅದೇ ನಗು. ಅದನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಆಗ ಅದನ್ನು ತಂದವನು ಅವನು. ಈಗ ತಂದವನು ನಾನು. ವೀಳ್ಯ ಇನ್ನೂ ನನ್ನ ಬಾಯಲ್ಲಿತ್ತು.

ಪುಸ್ತಕ ತೆರೆದೆ, ಅಕ್ಷರ ಕಾಣಲಿಲ್ಲ. ಕೂಗಿ ಹೇಳೋಣವೆಂದರೆ, ಮೈಕಿಲ್ಲದೆ ಮೈದಾನ ತುಂಬುತ್ತಿದ್ದ ನನ್ನ ಈ ದನಿ ಹೊರಡಲಿಲ್ಲ. ಬಲ್ಬು ತಲೆಯ ಮೇಲೆ ಉರಿಯುತ್ತಲೇ ಇತ್ತು. ಅವ್ವ ಆಗ ಕೂತುಬಿಟ್ಟಿದ್ದಳು. ನೀನು ಕೂರಲಿಲ್ಲ. ಅದೇ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ, ದನಿ ಏರಿಸಿ. ಅರ್ಧ ಸಭೆ ಸುಮ್ಮನಾಯಿತು. ಮೂರನೇ ಸಲ ಹೇಳಿದಾಗ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಉಳಿದ ಸಾಲುಗಳು, ಹದಿನಾರೂ! ಗಂಡನನ್ನು ನೋಡಲಿಲ್ಲ, ಜನರನ್ನು ನೋಡಲಿಲ್ಲ. ನೀನು ನೋಡಿದ್ದು ವಿಂಗನ್ನು. ಒಂದೊಂದು ಸಾಲನ್ನೂ ನನ್ನ ಎದೆಗೆ ಹೇಳಿದೆ. ಎಲ್ಲಿ ಉಸಿರು ತಡೆಯಬೇಕು, ಎಲ್ಲಿ ಬಿಡಬೇಕು, ಎಲ್ಲ ಅವ್ವನದೇ.

ಚಪ್ಪಾಳೆ ಶುರುವಾದಾಗ ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೋದೆ. ಹೌದು, ಈ ಸಲವೂ ಹಿಂದಿನ ಬಾಗಿಲೇ.

ಕ್ಷಮೆ ಕೇಳಲು ನನಗೆ ಬರುವುದಿಲ್ಲ. ನಮ್ಮಪ್ಪನ ನಾಟಕಗಳಲ್ಲಿ ಆ ಮಾತು ಇರಲೇ ಇಲ್ಲ. ಒಂದೇ ಬೇಡಿಕೆ. ಆ ದಿನ ನಿನ್ನ ಮನೆಯಲ್ಲಿ ಅವ್ವ ಇನ್ನೇನೇನು ಹೇಳಿದಳು? ನನ್ನ ಬಗ್ಗೆ ಏನಾದರೂ ಹೇಳಿದಳೇ? ಬರೆ. ಎಷ್ಟು ಕಠಿಣವಿದ್ದರೂ ಬರೆ. ಬರುವ ತನಕ ಮುಕ್ಕಾಂ ಇಲ್ಲೇ.

ಮಾಂತು


ಕೋಥರೂಡ
೧೬ ನವೆಂಬರ್ ೨೦೨೫

ಅಣ್ಣಾರಿಗೆ ಪಾರವ್ವನ ಶರಣು.

ನಾಟಕ ಪೂರಾ ಆತ್ರಿ. ಇವರು ಮನೀಗೆ ಬಂದು ಬಣ್ಣ ತೊಳ್ಕೊಂಡು, ಮೊದಲನೇ ಮಾತು ಏನಂದ್ರು ಗೊತ್ತೇನ್ರಿ? ‘ಮಾಂತು ಉಂಡಾನೋ ಇಲ್ಲೋ’ ಅಂದ್ರು. ನನ್ನ ಮೈ ಉರೀತು. ತಾಟು ಕುಕ್ಕಿ ಇಟ್ಟೆ.

ಅವರು ಬಿಟ್ಟಾರ. ನಾ ಬಿಟ್ಟಿಲ್ಲ.

ಮಂದಿ ನಕ್ಕರು ಅಂತ ಅಲ್ರಿ. ಮಂದಿಗೇನು, ನಗ್ತಾರ, ಆಮ್ಯಾಲೆ ಚಪ್ಪಾಳಿ ಹೊಡೀತಾರ. ಅವತ್ತ ಇವರಿಗೆ ವೀಳ್ಯ ಸಿಕ್ಕಿರಲಿಲ್ಲ, ಪುಸ್ತಕ ಮುಚ್ಚಿದ್ರು. ನಿಮಗ ಕೈಮುಗದು ಕೊಟ್ಟಿದ್ರು. ನೀವು ಬಾಯಾಗ ಹಾಕ್ಕೊಂಡು ಮುಚ್ಚಿದ್ರಿ. ಅದನ್ನ ನಾ ಹೆಂಗ ಮರೀಲಿ, ಹೇಳ್ರಿ.

ಮ್ಯಾನೇಜಿಂಗ್ ಕಮಿಟಿ ಕೂಡಿತ್ತು. ಮುಂದಿನ ವರ್ಷನೂ ‘ಕಂಕಣ’ನ ಆಡೋದು ಅಂತ ಆಗೇದ. ಮಂದಿ ಕೇಳ್ಲಿಕತ್ತಾರಂತ. ವೀರಸೇನನ ಪಾತ್ರ ನಿಮ್ಮದು. ನಾನ ನಿಮ್ಮ ಹೆಸರು ಹೇಳೀನಿ, ಇವರು ಹೂಂ ಅಂದಾರ. ಪುಸ್ತಕ ನನ್ನ ಹತ್ರ ಅದ, ಅಕ್ಕಿ ಡಬ್ಬಿ ಮ್ಯಾಲೆ ಇಟ್ಟೀನಿ. ಪ್ರಾಂಪ್ಟರ್ ನಾನು. ಹ್ಯಾಂಡ್‌ಬಿಲ್ಲಿನ್ಯಾಗ ಎಲ್ಲಾರಕಿಂತ ಮ್ಯಾಲೆ ನನ್ನ ಹೆಸರು ಹಾಕ್ರಿ ಅಂದೀನಿ.

ಅವ್ವಾರು ಏನಂದ್ರು ಅಂತ ಕೇಳೀರಿ. ಭಾಳ ಅಂದಾರ. ಮುಂಜಾನಿ ಬಸ್ಸು ಬರೂತನ ಮಾತಾಡ್ಯಾರ, ಎಲ್ಲಾ ನಿಮ್ಮ ಮಾತ. ಕಾಗದದಾಗ ಬರಿಯೂದಿಲ್ರಿ. ತಾಲೀಮಿಗೆ ಬರ್ರಿ. ಒಂದು ತಾಲೀಮಿಗೆ ಒಂದು ಮಾತು ಹೇಳ್ತೀನಿ. ತಪ್ಪಿಸಿದ್ರ ಆ ದಿನದ್ದು ಹೋತು, ಮತ್ತ ಕೇಳೂಹಂಗಿಲ್ಲ.

ಐತ್ವಾರ ಸಂಜಿಗೆ ಐದಕ್ಕ, ನಮ್ಮ ಪಾರ್ಕಿಂಗಿನ್ಯಾಗ. ಮುಂದಿನ ಬಾಗಲದಿಂದ ಬರ್ರಿ.

ನಿಮ್ಮ ತಂಗಿ
ಪಾರವ್ವ

ಗಂಟಿ ಹೊಡಿಯೋದ್ರಾಗ ನನ್ನ ವೀಳ್ಯ ಮರೀಬ್ಯಾಡ್ರಿ, ಅಣ್ಣಾರ. ಎಣಸಲಿಕ್ಕೆ ನನಗೂ ಬರ್ತದ.